ಹರಿದ ಬಲೆ ಮತ್ತು ಜೀವದಯಾ ನಿಧಿ

ಪಂಚೇಂದ್ರಿಯ ತಿರ್ಯಂಚ ಜೀವಿಗಳನ್ನು ಜಲಚರ, ಸ್ಥಲಚರ, ಖೇಚರ ಎಂದು ವಿಂಗಡಿಸುವಾಗ ಜೈನಾಗಮವು ಮೊದಲು ಹೆಸರಿಸುವುದು ಜಲಚರವನ್ನು. ಮೀನು, ಆಮೆ, ಮೊಸಳೆ ಮೊದಲಾದವು ಆ ವರ್ಗಕ್ಕೆ ಸೇರಿದವು. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚಕ್ಕೆ ಸಮ್ಯಗ್ದರ್ಶನ ಮಾತ್ರವಲ್ಲದೆ ದೇಶವ್ರತವೂ ಸಾಧ್ಯವೆಂದು, ಅದು ಐದನೆಯ ಗುಣಸ್ಥಾನದವರೆಗೆ ಏರಬಲ್ಲುದೆಂದು ಸಿದ್ಧಾಂತ ಹೇಳುತ್ತದೆ. ಹೀಗಿರುವಾಗ ಇಂದ್ರಿಯಗಳ ಲೆಕ್ಕದಲ್ಲಾಗಲಿ ಆತ್ಮಶಕ್ತಿಯ ಲೆಕ್ಕದಲ್ಲಾಗಲಿ ಕಡಲಾಮೆಯು ಗೋವಿಗಿಂತ ಒಂದು ಮೆಟ್ಟಿಲೂ ಕೆಳಗಿಲ್ಲ. ಆದರೆ ಜೈನ ಸಮಾಜದ ದಾನದ ಲೆಕ್ಕಪುಸ್ತಕವನ್ನು ತೆರೆದು ನೋಡಿದರೆ ಈ ಸಮಾನತೆ ಎಲ್ಲಿಯೂ ಕಾಣುವುದಿಲ್ಲ. ಸ್ಥಲಚರಕ್ಕೆ ಗೋಶಾಲೆಗಳಿವೆ, ಪಾಂಜರಾಪೋಳಗಳಿವೆ. ಖೇಚರಕ್ಕೆ ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ಲೋಕವೇ ಮೆಚ್ಚಿದ ಪಕ್ಷಿಗಳ ಆಸ್ಪತ್ರೆಯಿದೆ. ಜಲಚರಕ್ಕೆ ಏನಿದೆ?

ಏನೂ ಇಲ್ಲವೆಂದರೆ ತಪ್ಪಾದೀತು. ಮಹಾವೀರ ಜಯಂತಿಯಂದೋ ದಶಲಕ್ಷಣ ಪರ್ವದ ದಿನಗಳಲ್ಲೋ ಮಾರುಕಟ್ಟೆಯಿಂದ ಜೀವಂತ ಮೀನುಗಳನ್ನು ಕೊಂಡು ಕೆರೆಗೋ ಹೊಳೆಗೋ ಬಿಡುವ ಪದ್ಧತಿ ಕೆಲವೆಡೆ ಇದೆ. ಕೊಳ್ಳುವವರ ಭಾವ ಶುದ್ಧವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಭಾವವು ಮಾಡುವ ಕಾರ್ಯವೇನೆಂಬುದನ್ನು ವಿಚಾರಿಸಬೇಕು. ಇಂಥ ದಿನ ಇಂಥವರು ಜೀವಂತ ಮೀನನ್ನು ಕೇಳಿದ ಬೆಲೆಗೆ ಕೊಳ್ಳುತ್ತಾರೆಂದು ತಿಳಿದ ವ್ಯಾಪಾರಿಯು ಆ ದಿನಕ್ಕಾಗಿಯೇ ಹೆಚ್ಚು ಮೀನನ್ನು ಹಿಡಿಸುತ್ತಾನೆ. ಸಾಗಾಟದಲ್ಲಿ ಉಸಿರುಕಟ್ಟಿ ಸತ್ತವುಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಬಿಟ್ಟ ಮೀನು ಆ ನೀರಿನದಲ್ಲದಿದ್ದರೆ ಒಂದೋ ಅದು ಸಾಯುತ್ತದೆ, ಇಲ್ಲವೇ ಅಲ್ಲಿಯ ಮೀನುಗಳನ್ನು ತಿಂದು ಬೆಳೆಯುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್‌ನ ಸಾಕಣೆಯನ್ನು ಭಾರತದಲ್ಲಿ ನಿಷೇಧಿಸಿರುವುದು ಅದು ಇತರ ಮೀನುಗಳನ್ನು ನುಂಗಿ ಕೆರೆಗಳನ್ನು ಬರಿದು ಮಾಡುವುದರಿಂದಲೇ. ಅಂಥ ಒಂದು ಮೀನಿಗೆ ಅಭಯದಾನ ಕೊಟ್ಟವನು ಅರಿಯದೆಯೇ ಕೆರೆಯ ನೂರಾರು ಜೀವಗಳ ಅಭಯವನ್ನು ಕಸಿದುಕೊಂಡಿರುತ್ತಾನೆ. ದಯೆಗಿಂತ ಮೊದಲು ಜ್ಞಾನವಿರಬೇಕೆಂಬ ಆಗಮದ ಆಶಯವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ಸಮಾಜ ಅದನ್ನು ಕೆರೆಯ ದಂಡೆಯಲ್ಲಿ ಮರೆತುಬಿಡುತ್ತದೆ.

ಇದೇ ವೇಳೆ ಜೈನರಲ್ಲದ, ಅನೇಕರು ಮಾಂಸಾಹಾರಿಗಳೂ ಆಗಿರುವ ಕೆಲವು ಜನರು ಜಲಚರಗಳಿಗಾಗಿ ಏನು ಮಾಡುತ್ತಿದ್ದಾರೆಂಬುದನ್ನು ನೋಡುವುದು ಹಿತಕರ. ಭಾರತದ ನೈಋತ್ಯಕ್ಕೆ ಹಿಂದೂ ಮಹಾಸಾಗರದಲ್ಲಿ ಮಾಲ್ಡೀವ್ಸ್ ದ್ವೀಪಗಳಿವೆ. ಅಲ್ಲಿಯ ಮೀನುಗಾರರು ಟ್ಯೂನಾ ಮೀನನ್ನು ಪ್ರಧಾನವಾಗಿ ಕೋಲು ಮತ್ತು ಗಾಳದಿಂದ ಹಿಡಿಯುತ್ತಾರೆ. ದೊಡ್ಡ ಬಲೆಗಳ ಬಳಕೆ ಅಲ್ಲಿ ಕಡಮೆ. ಆದರೂ ಆ ದ್ವೀಪಗಳ ಸುತ್ತಣ ನೀರಿನಲ್ಲಿ ರಾಶಿ ರಾಶಿ ಬಲೆಗಳು ತೇಲಿ ಬರುತ್ತವೆ. ಬೇರೆ ದೇಶಗಳ ದೋಣಿಗಳಿಂದ ಕಳಚಿಹೋದ, ಬಿರುಗಾಳಿಗೆ ಹರಿದುಹೋದ, ಹಳತಾಯಿತೆಂದು ಕಡಲಿಗೇ ಎಸೆದ ನೈಲಾನ್ ಬಲೆಗಳವು. ಒಡೆಯನಿಲ್ಲದೆ ಅಲೆಯುತ್ತ ಕೊಲ್ಲುವ ಇಂಥ ಬಲೆಗಳಿಗೆ ‘ಭೂತಬಲೆ’ ಎಂಬ ಹೆಸರು ಬಂದಿದೆ. ತೇಲುವ ಬಲೆಯ ನೆರಳಿಗೆ ಸಣ್ಣ ಮೀನುಗಳು ಸೇರುತ್ತವೆ. ಅವುಗಳ ಬೆನ್ನಿಗೆ ದೊಡ್ಡವು ಬರುತ್ತವೆ. ಆಹಾರವನ್ನೂ ಆಸರೆಯನ್ನೂ ಅರಸಿ ಬಂದ ಆಲಿವ್ ರಿಡ್ಲಿ ಕಡಲಾಮೆಯ ಕೊರಳೋ ಮುಂಗಾಲೋ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೆ ಎಳೆದಷ್ಟೂ ಎಳೆ ಬಿಗಿಯಾಗುತ್ತದೆ. ನೈಲಾನ್ ಎಳೆಯು ಚರ್ಮವನ್ನು ಕೊಯ್ದು ಎಲುಬಿಗಿಳಿಯುತ್ತದೆ. ಆಮೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿಯಾದುದರಿಂದ, ಬಲೆಯ ಭಾರಕ್ಕೆ ನೀರಿನ ಮೇಲಕ್ಕೆ ಬರಲಾಗದಿದ್ದರೆ ಮುಳುಗಿ ಸಾಯುತ್ತದೆ.

2013ರಲ್ಲಿ ಅಲ್ಲಿ ಆಲಿವ್ ರಿಡ್ಲಿ ಪ್ರಾಜೆಕ್ಟ್ ಎಂಬ ಸಂಸ್ಥೆ ಹುಟ್ಟಿತು. ಅದರ ಆಧಾರ ಸ್ವಯಂಸೇವಕರು. ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಮುಳುಗುಗಾರರು, ಮುಖವಾಡ ಮತ್ತು ಉಸಿರುಕೊಳವೆಯನ್ನಷ್ಟೇ ಧರಿಸಿ ನೀರಿನ ಮೇಲ್ಮೈಯಲ್ಲಿ ಈಜುವ ಸ್ನಾರ್ಕೆಲ್ ಈಜುಗಾರರು ಕಂಡ ಬಲೆಯನ್ನು ವರದಿ ಮಾಡುತ್ತಾರೆ. ತರಬೇತಿ ಪಡೆದವರು ಅದನ್ನು ಕತ್ತರಿಸಿ ಮೇಲೆತ್ತುತ್ತಾರೆ. ಸಿಕ್ಕಿದ ಆಮೆಯನ್ನು ಬಿಡಿಸುತ್ತಾರೆ. ಎತ್ತಿದ ಬಲೆಯ ಕಣ್ಣಿನ ಅಳತೆ, ಹುರಿಯ ಬಗೆ, ಬಣ್ಣ ಇವೆಲ್ಲವನ್ನೂ ಬರೆದಿಡುತ್ತಾರೆ, ಅದು ಯಾವ ಮೀನುಗಾರಿಕೆಯದೆಂದು ಪತ್ತೆಯಾಗಲೆಂದು. 2017ರಲ್ಲಿ ಬಾ ಹವಳದ್ವೀಪ ಸಮೂಹದಲ್ಲಿ ಆಮೆಗಳಿಗಾಗಿಯೇ ಒಂದು ಚಿಕಿತ್ಸಾ ಕೇಂದ್ರ ತೆರೆಯಿತು. ಕಾಲು ಕಳೆದುಕೊಂಡ ಆಮೆಗಳು, ಮುಳುಗಲಾರದೆ ತೇಲುತ್ತಲೇ ಉಳಿಯುವ ಆಮೆಗಳು ಅಲ್ಲಿ ತಿಂಗಳುಗಟ್ಟಲೆ ಆರೈಕೆ ಪಡೆಯುತ್ತವೆ. ಹಾಗೆ ಸಿಕ್ಕಿಬಿದ್ದ ಆಮೆಗಳ ವಂಶವಾಹಿ ಪರೀಕ್ಷೆ ನಡೆಸಿದಾಗ ಅನೇಕವುಗಳ ಮೂಲವು ಶ್ರೀಲಂಕಾ ಮತ್ತು ಪೂರ್ವ ಭಾರತದ ಆಮೆ ಸಂತತಿಗಳೊಡನೆ ಕೂಡಿಬಂದಿತು. ಭಾರತದ ಮರಳಿನಲ್ಲಿ ಹುಟ್ಟಿದ ಜೀವವೊಂದು ಯಾರದೋ ಬಲೆಯಲ್ಲಿ ಸಿಕ್ಕು, ಮತ್ತೊಂದು ದೇಶದ ಕಡಲಿನಲ್ಲಿ ಅಪರಿಚಿತನೊಬ್ಬನ ಕೈಯ ಚೂರಿಯಿಂದ ಬಿಡುಗಡೆ ಹೊಂದುತ್ತದೆ. ಇದು ಜೀವದಯೆಯಲ್ಲವೆಂದು ಯಾವ ಶಾಸ್ತ್ರದ ಆಧಾರದ ಮೇಲೆ ಹೇಳಲು ಬಂದೀತು?

ಶಾಸ್ತ್ರವು ಹೇಳುವುದಾದರೂ ಏನು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಗುಣವ್ರತಗಳ ನಡುವೆ ಅನರ್ಥದಂಡವಿರತಿ ಎಂಬ ವ್ರತವಿದೆ. ಯಾವ ಪ್ರಯೋಜನವೂ ಇಲ್ಲದೆ ಜೀವಕ್ಕೆ ನೋವುಂಟುಮಾಡುವುದು ಅನರ್ಥದಂಡ. ಕೊಲ್ಲುವ ಸಾಧನವನ್ನು ಪರರ ವಶಕ್ಕೆ ಕೊಡುವ ಹಿಂಸಾದಾನವೂ, ಎಚ್ಚರಗೇಡಿತನದಿಂದ ನಡೆಯುವ ಪ್ರಮಾದಚರ್ಯೆಯೂ ಅದರ ಭೇದಗಳು. ಭೂತಬಲೆಗಿಂತ ಮಿಗಿಲಾದ ಅನರ್ಥದಂಡದ ನಿದರ್ಶನವನ್ನು ಲೋಕದಲ್ಲಿ ಹುಡುಕುವುದು ಕಷ್ಟ. ದೋಣಿಯಲ್ಲಿರುವ ಬಲೆಯ ಹಿಂಸೆಗೆ ಹಿಡಿಯುವವನ ಹೊಟ್ಟೆಪಾಡಿನ ಒಂದು ಕಾರಣವಾದರೂ ಇದೆ. ಕಡಲಿಗೆ ಬಿದ್ದ ಬಲೆಯು ಯಾರ ಹಸಿವನ್ನೂ ತಣಿಸದೆ, ಯಾರಿಗೂ ಲಾಭ ತಾರದೆ, ಹಗಲಿರುಳು ಕೊಲ್ಲುತ್ತದೆ. ಸತ್ತ ಮೀನು ಕೊಳೆತು ಉದುರುತ್ತದೆ. ಬಲೆ ಮತ್ತೆ ಬರಿದಾಗಿ ಮುಂದಿನ ಜೀವಕ್ಕೆ ಕಾಯುತ್ತದೆ. ನೈಲಾನಿಗೆ ಕೊಳೆಯುವ ಗುಣವಿಲ್ಲವಾದುದರಿಂದ ಈ ಕೆಲಸ ವರ್ಷಗಟ್ಟಲೆ ನಡೆಯುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ, ಲೋಕದಲ್ಲಿ ಬಳಕೆಯಲ್ಲಿರುವ ಮೀನುಗಾರಿಕೆಯ ಸಾಧನಗಳಲ್ಲಿ ಶೇಕಡ 2ರಷ್ಟು ಪ್ರತಿ ವರ್ಷವೂ ಕಡಲಿನ ಪಾಲಾಗುತ್ತವೆ. ಮೀನಿನ ಕಿವಿರಿಗೆ ಸಿಕ್ಕಿಕೊಳ್ಳುವ ತೆರನ ಬಲೆಯೊಂದೇ ವರ್ಷಕ್ಕೆ ಸುಮಾರು 3,000 ಚದರ ಕಿಲೋಮೀಟರಿನಷ್ಟು. ಇಲ್ಲಿ ಸಂಕಲ್ಪವಿಲ್ಲ, ಸಂಕಲ್ಪಿಸುವವನೂ ಇಲ್ಲ; ಹಿಂಸೆ ಮಾತ್ರ ಇದೆ. ಇಂಥ ಹಿಂಸೆಯನ್ನು ಹಿಂಸೆಯೆಂದು ಗುರುತಿಸುವ ಶಬ್ದ ಸಾವಿರಾರು ವರ್ಷಗಳಿಂದ ಯಾರ ಬಳಿಯಿದೆಯೋ, ಆ ಸಮಾಜವೇ ಅದನ್ನು ಕಾಣದೆ ಕುಳಿತಿದೆ.

ಈ ಮಾತಿಗೆ ಆಕ್ಷೇಪಗಳು ಏಳದೆ ಇರವು. ಅವುಗಳಲ್ಲಿ ಅತ್ಯಂತ ಗಂಭೀರವಾದುದು ಹಿರಿಯ ಶ್ರಾವಕರಿಂದ ಬರುವಂಥದು. ನೀರೇ ಜಲಕಾಯಿಕ ಜೀವಗಳ ಶರೀರ. ಗಾಳಿಸದ ನೀರನ್ನು ಕುಡಿಯುವುದನ್ನೇ ನಿಷೇಧಿಸಿದ ಧರ್ಮದಲ್ಲಿ ಕಡಲಿಗೆ ಧುಮುಕುವುದನ್ನು ಪುಣ್ಯವೆಂದು ಹೊಗಳಬಹುದೆ ಎಂದು ಅವರು ಕೇಳುತ್ತಾರೆ. ಮಹಾವ್ರತಿಗಳ ವಿಷಯದಲ್ಲಿ ಈ ಆಕ್ಷೇಪವು ಸಂಪೂರ್ಣ ಸತ್ಯ. ಗೃಹಸ್ಥನ ಅಣುವ್ರತವಾದರೋ ತ್ರಸಜೀವಗಳ ಸಂಕಲ್ಪಿತ ಹಿಂಸೆಯ ತ್ಯಾಗವನ್ನು ಮುಖ್ಯವಾಗಿಟ್ಟುಕೊಂಡು, ಸ್ಥಾವರಜೀವಗಳ ಹಿಂಸೆಯನ್ನು ಆದಷ್ಟು ಕಡಮೆ ಮಾಡಲು ವಿಧಿಸುತ್ತದೆ. ಬಾವಿಗೆ ಬಿದ್ದ ಕರುವನ್ನೆತ್ತಲು ನೀರಿಗಿಳಿಯುವ ಶ್ರಾವಕನು ಜಲಕಾಯಿಕರ ಲೆಕ್ಕ ಹಾಕುತ್ತ ದಂಡೆಯಲ್ಲಿ ನಿಲ್ಲುವುದಿಲ್ಲ. ನಿಂತರೆ ಅದನ್ನು ಯಾರೂ ಅಹಿಂಸೆಯೆಂದು ಕರೆಯುವುದಿಲ್ಲ. ಕರುವಿಗೆ ಸಲ್ಲುವ ನ್ಯಾಯ ಆಮೆಗೆ ಏಕೆ ಸಲ್ಲದು? ಮೇಲಾಗಿ, ಈ ಆಕ್ಷೇಪವನ್ನು ಎತ್ತುವ ಮನೆಗಳ ಮಕ್ಕಳೇ ರಜೆಯಲ್ಲಿ ಮಾಲ್ಡೀವ್ಸಿಗೆ, ಅಂಡಮಾನಿಗೆ ಪ್ರವಾಸ ಹೋಗಿ ಬರಿಯ ವಿನೋದಕ್ಕಾಗಿ ಅದೇ ನೀರಿಗಿಳಿಯುತ್ತಾರೆ. ವಿನೋದಕ್ಕೆ ಇಳಿದಾಗ ಕಾಣಿಸದ ಜಲಕಾಯಿಕ ಜೀವಿಗಳು ಸೇವೆಗೆ ಇಳಿಯುವಾಗ ಮಾತ್ರ ಕಾಣಿಸಿಕೊಳ್ಳುವುದು ಧರ್ಮದ ಸೂಕ್ಷ್ಮತೆಯಲ್ಲ, ಆಲಸ್ಯದ ಜಾಣತನ.

ಎರಡನೆಯ ಆಕ್ಷೇಪವೆಂದರೆ, ಮುಳುಗುಗಾರಿಕೆ ಭೋಗಿಗಳ ಆಟವೆಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಕಾಲಿನ ರೆಕ್ಕೆಯನ್ನು ಬಡಿದು ಹವಳವನ್ನು ಮುರಿಯುವವರು, ಛಾಯಾಚಿತ್ರಕ್ಕಾಗಿ ಆಮೆಯ ಬೆನ್ನು ಹಿಡಿಯುವವರು, ಮೀನುಗಳಿಗೆ ಬ್ರೆಡ್ಡು ಎರಚುವವರು ಅಸಂಖ್ಯ. ಕೆಲವು ಬಿಸಿಲುಲೇಪಗಳಲ್ಲಿರುವ ರಾಸಾಯನಿಕಗಳು ಹವಳಕ್ಕೆ ಕೇಡೆಂದು ಪಲಾವ್ ದೇಶವು 2020ರಿಂದ ಅಂಥವನ್ನು ನಿಷೇಧಿಸಿತು. ಹವಾಯಿಯಲ್ಲಿ 2021ರಿಂದ ಅಂಥ ಲೇಪಗಳ ಮಾರಾಟ ನಿಂತಿತು. ಅಂಥ ಭೋಗವನ್ನು ಜೈನ ಸಮಾಜ ಖಂಡಿಸಲೇಬೇಕು. ಆದರೆ ಸೇವೆಗಾಗಿ ತರಬೇತಿ ಪಡೆದವನ ನಡೆ ಬೇರೆಯೇ. ನೆಲಕ್ಕೆ ತಾಗದೆ, ಮೇಲಕ್ಕೂ ಉಬ್ಬದೆ, ಉಸಿರನ್ನು ಹದವಾಗಿಟ್ಟುಕೊಂಡು ನಡುನೀರಿನಲ್ಲಿ ತೂಗಿ ನಿಲ್ಲುವುದೇ ಅವನ ಮೊದಲ ಪಾಠ. ಏನನ್ನೂ ಮುಟ್ಟಬಾರದೆಂಬುದು ಎರಡನೆಯದು. ಹವಳಕ್ಕೆ ಸುತ್ತಿಕೊಂಡ ಬಲೆಯನ್ನು ಎಳೆಯದೆ, ಎಳೆ ಎಳೆಯಾಗಿ ಕತ್ತರಿಸಿ ಬಿಡಿಸಬೇಕೆಂಬುದು ಮೂರನೆಯದು. ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನೂ, ವಸ್ತುವನ್ನು ನೋಡಿ ಎತ್ತಿ ನೋಡಿ ಇಡುವ ಆದಾನನಿಕ್ಷೇಪಣ ಸಮಿತಿಯನ್ನೂ ಬಲ್ಲ ಸಮಾಜಕ್ಕೆ ಈ ಶಿಸ್ತು ಅಪರಿಚಿತವಾಗಿ ತೋರಬಾರದು. ಮುನಿಗಳ ಸಮಿತಿಗೆ ಇದು ಸಮವೆಂದು ಯಾರೂ ಹೇಳುವುದಿಲ್ಲ. ಅದೇ ಎಚ್ಚರದ ಒಂದು ಸಣ್ಣ ಅಭ್ಯಾಸ ಇದರಲ್ಲಿದೆಯೆಂದರೆ ಸಾಕು.

ಮೂರನೆಯ ಆಕ್ಷೇಪ ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿ ಉಳಿಯುವಂಥದು. ಕಡಲಿನ ಕೆಲಸವೆಂದರೆ ಮೀನುಗಾರರೊಡನೆ ಬೆರೆಯುವ ಕೆಲಸ. ಹಿಂಸೆಯಿಂದ ಜೀವಿಸುವವರೊಡನೆ ಅಹಿಂಸಾವಾದಿಗಳಿಗೇನು ಒಡನಾಟ ಎಂಬ ಭಾವವದು. ಇದನ್ನು ಕುಲಮದವೆಂದು ಕರೆಯದೆ ವಿಧಿಯಿಲ್ಲ. ಜೈನ ಕಥಾಕೋಶಗಳಲ್ಲಿ ಮೃಗಸೇನನೆಂಬ ಧೀವರನ ಕಥೆ ಬರುತ್ತದೆ. ಮೀನು ಹಿಡಿಯಲು ಹೊರಟವನನ್ನು ಕಂಡ ಮುನಿಗಳು ಅವನನ್ನು ದೂರ ತಳ್ಳಲಿಲ್ಲ. ಬಲೆಗೆ ಬಿದ್ದ ಮೊದಲ ಮೀನನ್ನು ಬಿಟ್ಟುಬಿಡುವ ಒಂದು ಕಿರುವ್ರತವನ್ನು ಕೊಟ್ಟರು. ಅವನು ಮೊದಲ ಮೀನಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟನು. ಅದೇ ಮೀನು ಮತ್ತೆ ಮತ್ತೆ ಬಲೆಗೆ ಬಂದಿತು. ಮತ್ತೆ ಮತ್ತೆ ಬಿಟ್ಟನು. ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಯಿಂದ ಬಾಗಿಲು ಹಾಕಿಸಿಕೊಂಡನು. ಮರುಜನ್ಮದಲ್ಲಿ ಆ ವ್ರತವೇ ಅವನನ್ನು ಮರಣಸಂಕಟಗಳಿಂದ ಮರಳಿ ಮರಳಿ ಕಾಯಿತು. ಮುನಿಗಳು ಧೀವರನಲ್ಲಿ ಕಂಡ ಭವ್ಯತೆಯನ್ನು ಇಂದಿನ ಶ್ರಾವಕರು ಕಾಣಲಾರರೆ?

ಕಾಣಬೇಕಾದವರಿಗೆ ಗುಜರಾತಿನ ದೃಷ್ಟಾಂತ ಹತ್ತಿರದಲ್ಲೇ ಇದೆ. ಸೌರಾಷ್ಟ್ರದ ಕರಾವಳಿಯಲ್ಲಿ ಒಂದು ಕಾಲದಲ್ಲಿ ವೇಲ್ ಶಾರ್ಕ್ ಎಂಬ ಬೃಹತ್ ಮೀನನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ಅದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿತು. ಬರಿಯ ಕಾಯಿದೆಯಿಂದ ಕೆಲಸವಾಗದೆಂದು ತಿಳಿದು 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ರಾಜ್ಯದ ಅರಣ್ಯ ಇಲಾಖೆ ಪ್ರಚಾರಕ್ಕೆ ತೊಡಗಿದವು. ಕಥಾವಾಚಕ ಮೊರಾರಿ ಬಾಪು ಅವರು ಆ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ‘ವ್ಹಾಲಿ’, ಅಂದರೆ ಅಕ್ಕರೆಯವಳು, ಎಂಬ ಹೆಸರು ಬಂದಿತು. ಬಲೆಗೆ ಸಿಕ್ಕ ವ್ಹಾಲಿಯನ್ನು ಬಿಡಿಸಲು ಮೀನುಗಾರರು ತಮ್ಮ ಬೆಲೆಬಾಳುವ ಬಲೆಯನ್ನೇ ಕತ್ತರಿಸತೊಡಗಿದರು. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಹೀಗೆ ಬಿಡುಗಡೆಯಾದ ವ್ಹಾಲಿಗಳು ನೂರಾರು. ಜೈನರ ನೆಲೆವೀಡೆನಿಸಿದ ಗುಜರಾತಿನಲ್ಲಿ, ಗಿರಿನಾರದ ಬೆಟ್ಟದಿಂದ ಬಹು ದೂರವಲ್ಲದ ಕಡಲಿನಲ್ಲಿ, ಪಂಚೇಂದ್ರಿಯ ಜೀವಕ್ಕೆ ಅಭಯ ಕೊಟ್ಟ ಕೈಗಳು ಮೀನುಗಾರರವು.

ಸೇವೆಗೆ ಜ್ಞಾನ ಎಷ್ಟು ಅಗತ್ಯವೆಂಬುದಕ್ಕೆ ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪಗಳು ಮತ್ತೊಂದು ಸಾಕ್ಷಿ. ನಸ್ಸಾವು ಗ್ರೂಪರ್ ಎಂಬ ದೊಡ್ಡ ಮೀನು ಚಳಿಗಾಲದ ಹುಣ್ಣಿಮೆಗಳ ಸುಮಾರಿಗೆ ಮೊಟ್ಟೆಯಿಡಲು ಒಂದೇ ಸ್ಥಳದಲ್ಲಿ ಸಾವಿರಾರು ಸಂಖ್ಯೆಯಲ್ಲಿ ನೆರೆಯುತ್ತದೆ. 2001ರಲ್ಲಿ ಲಿಟಲ್ ಕೇಮನ್ ದ್ವೀಪದ ಬಳಿ ಸುಮಾರು 7,000 ಮೀನುಗಳ ಅಂಥ ನೆರವಿಯೊಂದು ಮೀನುಗಾರರ ಕಣ್ಣಿಗೆ ಬಿದ್ದಿತು. ಎರಡೇ ಋತುಗಳಲ್ಲಿ ಸುಮಾರು 4,000 ಮೀನುಗಳು ಹೋದವು. ಅಮೆರಿಕದಲ್ಲಿ 1990ರಲ್ಲಿ ಸ್ಥಾಪನೆಯಾಗಿ, 1993ರಿಂದ ಸ್ವಯಂಸೇವಕ ಮುಳುಗುಗಾರರಿಂದ ಮೀನುಗಳ ಗಣತಿ ಮಾಡಿಸುತ್ತ ಬಂದ ರೀಫ್ ಎಂಬ ಸಂಸ್ಥೆಯು ಅಲ್ಲಿಯ ಪರಿಸರ ಇಲಾಖೆಯೊಡನೆ ಕೂಡಿ ಆ ನೆರವಿಯನ್ನು ವರ್ಷ ವರ್ಷವೂ ಎಣಿಸಿತು. 2003ರಲ್ಲಿ ನೆರವಿಯ ಸ್ಥಳದಲ್ಲಿ ಹಿಡಿಯುವುದು ನಿಷೇಧವಾಯಿತು. 2016ರಲ್ಲಿ ಇನ್ನೂ ಬಿಗಿಯಾದ ನಿಯಮ ಬಂದಿತು. 2009ರ ಸುಮಾರಿಗೆ 1,200ರಷ್ಟಿದ್ದ ಸಂಖ್ಯೆ 2018ರ ವೇಳೆಗೆ ಮತ್ತೆ 7,000ದ ಹತ್ತಿರಕ್ಕೆ ಬಂದಿತು. ಆ ಮೀನಿನ ಪರವಾಗಿ ಸರಕಾರದ ಮುಂದೆ ಮಾತನಾಡಿದುದು ನೀರಿನೊಳಗೆ ನಿಂತು ಮಾಡಿದ ಎಣಿಕೆ. ಸಂರಕ್ಷಣಾವಾದಿಗಳು ಲೆಕ್ಕಿಸುವುದು ಸಂತತಿಯನ್ನು, ಜೈನ ಧರ್ಮ ಲೆಕ್ಕಿಸುವುದು ಒಂದೊಂದು ಜೀವವನ್ನು. ಈ ಭೇದ ದೊಡ್ಡದು, ಅದನ್ನು ಮರೆಯಬೇಕಾಗಿಲ್ಲ. ಆದರೆ ಸಾವಿರಾರು ಜೀವಗಳು ಉಳಿದ ಕಾರ್ಯದಲ್ಲಿ ಕೈಜೋಡಿಸಲು ಉದ್ದೇಶದ ಈ ಭೇದ ಅಡ್ಡಿಯಾಗಲಾರದು.

ಕಡಲು ಕನ್ನಡ ಜೈನರಿಗೆ ಹೊರಗಿನದೂ ಅಲ್ಲ. ಹದಿನಾರನೆಯ ಶತಮಾನದ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸು ಹೊರನಾಡಿಗೆ ಹೋದುದು ಕಡಲ ಮಾರ್ಗದಿಂದಲೇ. ಭಟ್ಕಳದ ಬಸದಿ ನಿಂತಿರುವುದು ಹಳೆಯ ರೇವುಪಟ್ಟಣದಲ್ಲಿ. ಅಲ್ಲಿಗೆ ಸಮೀಪದ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ಬಣ್ಣ ಬಣ್ಣದ ಮೀನುಗಳಿವೆ. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಮುಳುಗುಗಾರರು ಹೋಗುತ್ತಾರೆ. ಉತ್ತರ ಕನ್ನಡ, ಉಡುಪಿ ಜಿಲ್ಲೆಗಳ ಮರಳದಂಡೆಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಬಲೆಗಳೆಲ್ಲ ದಡಕ್ಕೆ ಬಂದು ದುರಸ್ತಿಯಾಗುತ್ತವೆ. ಹರಿದು ಕೆಲಸಕ್ಕೆ ಬಾರದ ಬಲೆಯ ವಿಲೇವಾರಿಯ ಪ್ರಶ್ನೆ ಏಳುವುದು ಆ ದಿನಗಳಲ್ಲಿಯೇ.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳ ಮುಂದಿರುವ ಕರ್ತವ್ಯ ಸರಳವಾದುದು. ಜೀವಂತ ಮೀನನ್ನು ಕೊಳ್ಳುವ ಹಣದಿಂದ ಹರಿದ ಬಲೆಯನ್ನು ಕೊಳ್ಳಲಿ. ಮಳೆಗಾಲದ ಎರಡು ತಿಂಗಳಲ್ಲಿ ಮಂಗಳೂರು, ಮಲ್ಪೆ, ಹೊನ್ನಾವರದಂಥ ಬಂದರುಗಳಲ್ಲಿ ಹಳೆಯ ಬಲೆಯನ್ನು ತೂಕಕ್ಕೆ ಕೊಂಡು, ನೈಲಾನನ್ನು ಮರುಬಳಕೆ ಮಾಡುವವರಿಗೆ ಒಪ್ಪಿಸಲಿ. ಆ ಹಣದಿಂದ ಮೀನುಗಾರ ಹೊಸ ಬಲೆ ಕೊಂಡರೆ ಅದು ಹಿಂಸೆಯ ಅನುಮೋದನೆಯಾಗದೆ ಎಂಬ ಶಂಕೆ ನ್ಯಾಯವಾದುದೇ. ಗುಜರಿಯ ಬೆಲೆಗೆ ಮೀರಿ ಒಂದು ರೂಪಾಯಿಯನ್ನೂ ಕೊಡದಿದ್ದರೆ ಆ ಶಂಕೆಗೆ ಎಡೆಯಿಲ್ಲ. ಹೊಸ ಬಲೆಯನ್ನು ಅವನು ಹೇಗೂ ಕೊಳ್ಳುತ್ತಾನೆ, ಹಳೆಯದು ಮಾತ್ರ ಕಡಲಿಗೆ ಬೀಳದೆ ಉಳಿಯುತ್ತದೆ. ಮಳೆಗಾಲ ಕಳೆದ ಮೇಲೆ, ಬಲೆ ಕತ್ತರಿಸುವ ತರಬೇತಿ ಪಡೆದ ಸ್ವಯಂಸೇವಕರ ದೋಣಿಯ ಇಂಧನಕ್ಕೆ, ಸಲಕರಣೆಗೆ, ವಿಮೆಗೆ ನಿಧಿಯಿಂದ ನೆರವಾಗಲಿ. ಆಮೆಯನ್ನು ಬಿಡಿಸಲು ಬಲೆ ಕತ್ತರಿಸಿಕೊಂಡ ಮೀನುಗಾರನ ಮನೆಗೆ ಬಸದಿಯ ಹಿರಿಯರೇ ಹೋಗಿ ಆ ನಷ್ಟವನ್ನು ತುಂಬಿಕೊಟ್ಟು ಬರಲಿ. ಆಳಕ್ಕಿಳಿದು ಬಲೆ ಕತ್ತರಿಸುವುದು ಅಪಾಯದ ಕೆಲಸ. ಕಲಿಯದವರು ಅದಕ್ಕೆ ಕೈಹಾಕಬಾರದು. ಪ್ರವಾಸ ಹೋಗುವ ಯುವಕ ಯುವತಿಯರು ಕಂಡ ಬಲೆಯ ಸ್ಥಳವನ್ನು ಬರೆದುಕೊಂಡು ಬಲ್ಲವರಿಗೆ ತಿಳಿಸಿದರೂ ಸೇವೆಯೇ. ಗಾಯಗೊಂಡ ಆಮೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿದರೂ ಸೇವೆಯೇ.

ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಹವಳವನ್ನು ಜೈನಾಗಮಗಳು ಪೃಥ್ವೀಕಾಯಿಕ ಜೀವಗಳ ಪಟ್ಟಿಯಲ್ಲಿ ಎಣಿಸಿವೆ. ಯುರೋಪಿನಲ್ಲಿ ಅದನ್ನು ಸಸ್ಯವೆಂದೇ ಬಗೆದಿದ್ದಾಗ 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಅದು ಪ್ರಾಣಿಯೆಂದು ವಾದಿಸಿದನು. ಇಂದಿನ ವಿಜ್ಞಾನಕ್ಕೆ ಅದು ಸಣ್ಣ ಪ್ರಾಣಿಗಳ ಸಮೂಹ. ಹವಳದಲ್ಲಿ ಜೀವವಿದೆಯೆಂದು ಆಗಮವು ಆಗಲೇ ಹೇಳಿತ್ತೆಂದು ವೇದಿಕೆಗಳ ಮೇಲೆ ಹೆಮ್ಮೆಪಡುವ ಬೆರಳುಗಳಲ್ಲಿಯೇ ಹವಳದುಂಗುರ ಹೊಳೆಯುತ್ತದೆ. ಹವಳದ ಮಣಿಯ ಮಾಲೆಯಿಂದ ಜಪವೂ ನಡೆಯುತ್ತದೆ. ಮೆಡಿಟರೇನಿಯನ್ ಮತ್ತು ಪೆಸಿಫಿಕ್ ಕಡಲುಗಳ ತಳದಿಂದ ಕಿತ್ತು ತಂದ ಆ ಮಣಿಯು ಒಂದು ಕಾಲದಲ್ಲಿ ಬದುಕಿದ್ದ ಜೀವಿಗಳ ಎಲುಬು. ರೇಷ್ಮೆಯನ್ನು ತೊರೆದ ಶ್ರಾವಿಕೆಯರು ಹಲವರಿದ್ದಾರೆ. ಹವಳವನ್ನು ತೊರೆಯುವುದು ಅದಕ್ಕಿಂತ ಕಷ್ಟವೇನಲ್ಲ. ಅದಕ್ಕೆ ನಿಧಿಯೂ ಬೇಡ, ದೋಣಿಯೂ ಬೇಡ. ಬೆರಳಿನಿಂದ ಒಂದು ಉಂಗುರವನ್ನು ಕಳಚಿದರೆ ಆಯಿತು.

ಪ್ರತಿಯೊಂದು ಬಸದಿಯಲ್ಲಿಯೂ ಜೀವದಯೆಯ ಹುಂಡಿಯಿದೆ. ಅದಕ್ಕೆ ಹಣ ಹಾಕುವ ಬಡ ಶ್ರಾವಕನು ಆ ಹಣ ಯಾವ ಜೀವಕ್ಕೆ ಸಲ್ಲುತ್ತದೆಂದು ಕೇಳುವುದಿಲ್ಲ. ಸರ್ವ ಜೀವಕ್ಕೂ ಸಲ್ಲುತ್ತದೆಂಬ ನಂಬಿಕೆಯಿಂದ ಹಾಕುತ್ತಾನೆ. ಆ ನಂಬಿಕೆಯನ್ನು ಕಾಯುವುದು ವಿಶ್ವಸ್ಥರ ಹೊಣೆ. ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕ ಒಪ್ಪಿಸುವಾಗ ಸ್ಥಲಚರಕ್ಕೆ ಇಷ್ಟು, ಖೇಚರಕ್ಕೆ ಇಷ್ಟು ಎಂದು ಓದಿದ ಮೇಲೆ, ಆಗಮವು ಮೊದಲು ಹೆಸರಿಸಿದ ಜಲಚರಕ್ಕೆ ಎಷ್ಟು ಎಂದು ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಲಿ. ಉತ್ತರವಿಲ್ಲದಿದ್ದರೆ ಆ ಮೌನವೂ ನಡಾವಳಿಯಲ್ಲಿ ದಾಖಲಾಗಲಿ.